ಸಿಡಿಲನ್ನು ನಿಲ್ಲಿಸಿ ನೋಡೋಣ: ಗುಡುಗು, ಚಂಡಮಾರುತ, ನೆರೆಯ ಪಾಠಕ್ಕೆ ಸಾಫ್ಟ್‌ವೇರ್

(ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಾಳೆ ನಿಮ್ಮ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಸಿಡಿಲಿನ ಪಾಠ ಮಾಡಬೇಕು ಅಂತಿಟ್ಟುಕೊಳ್ಳಿ. ನಿಮ್ಮ ಹತ್ತಿರ ಎರಡು ವಿಡಿಯೊ ಇವೆ. ಮೊದಲನೆಯದು ತೀರಾ ಸರಳ. ಗೆರೆಯಲ್ಲಿ ಬರೆದ ಮೋಡ, ಮೇಲೇರುವ ಗಾಳಿ, ಪ್ಲಸ್ಸು ಮೈನಸ್ಸು ಗುರುತು, ಜೊತೆಗೆ ವಿವರಿಸುವ ಒಂದು ಸಮಾಧಾನದ ದನಿ. ಎರಡನೆಯದರಲ್ಲೂ ಅದೇ ಚಿತ್ರ, ಅದೇ ದನಿ. ಆದರೆ ನಡುನಡುವೆ ಹೊತ್ತಿ ಉರಿಯುವ ಮರ, ಸಿಡಿಲು ಬಡಿದ ವಿಮಾನ, ಎದೆ ನಡುಗಿಸುವ ಸದ್ದು. ಯಾವುದನ್ನು ಹಾಕುತ್ತೀರಿ?

ಹೆಚ್ಚಿನವರು ಎರಡನೆಯದಕ್ಕೆ ಕೈ ಎತ್ತಿದಿರಿ. ಮಕ್ಕಳು ಅಲ್ಲಾಡದೆ ಕೂತು ನೋಡುತ್ತಾರೆ ಅಂದಿರಿ. ನೋಡುತ್ತಾರೆ, ಅದು ನಿಜ. ನೋಡಿದ್ದರಲ್ಲಿ ಎಷ್ಟು ತಲೆಗೆ ಹೋಗುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಈ ಬೇರೆ ಪ್ರಶ್ನೆಯನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನ ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು, ಚಿತ್ರ ಮತ್ತು ಮಾತು ಸೇರಿದಾಗ ಜನ ಹೇಗೆ ಕಲಿಯುತ್ತಾರೆ ಎಂದು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಬರುವ ಪಾಠ ಯಾವುದು ಗೊತ್ತಾ? ಸಿಡಿಲು ಹೇಗೆ ಹುಟ್ಟುತ್ತದೆ ಅನ್ನುವುದೇ. 1998ರಲ್ಲಿ ಅವರು ಮತ್ತು ಶಾನನ್ ಹಾರ್ಪ್ ಸೇರಿ, ಸಿಡಿಲಿನ ಪಾಠದ ನಡುವೆ ರೋಚಕ ಸಂಗತಿಗಳನ್ನು ತುರುಕಿ ನೋಡಿದರು. ಸಿಡಿಲು ಯಾರಿಗೆ ಬಡಿಯಿತು, ಏನಾಯಿತು, ಇಂಥವು. ಸಿಡಿಲು ಹುಟ್ಟುವ ಬಗೆಗೂ ಇವಕ್ಕೂ ಸಂಬಂಧ ಇರಲಿಲ್ಲ. ಅವನ್ನು ಸೇರಿಸಿ ಓದಿದವರಿಗೆ ಮುಖ್ಯ ವಿಷಯವೇ ಕಡಿಮೆ ನೆನಪಿತ್ತು. ಕಲಿತದ್ದನ್ನು ಹೊಸ ಪ್ರಶ್ನೆಗೆ ಬಳಸಿ ಎಂದಾಗಲೂ ಅವರು ಹಿಂದೆ ಬಿದ್ದರು. 2001ರಲ್ಲಿ ಅನಿಮೇಷನ್ನಿಗೆ ನಿಜವಾದ ವಿಡಿಯೊ ತುಣುಕುಗಳನ್ನು ಸೇರಿಸಿ ನೋಡಿದಾಗಲೂ ಹಾಗೇ ಆಯಿತು.

ಅದೇ ವರ್ಷ ಅವರು ಪಾಲ್ ಚಾಂಡ್ಲರ್ ಜೊತೆ ಮಾಡಿದ ಇನ್ನೊಂದು ಪ್ರಯೋಗ ನನಗೆ ಇನ್ನೂ ದೊಡ್ಡದು ಅನಿಸುತ್ತದೆ. ಸಿಡಿಲಿನ ಆ ಅನಿಮೇಷನ್ ಇರುವುದೇ ಎರಡು ಚಿಲ್ಲರೆ ನಿಮಿಷ. ಅದನ್ನು 16 ತುಣುಕು ಮಾಡಿದರು. ಪ್ರತಿ ತುಣುಕಿನ ಕೊನೆಗೆ ಒಂದು ಬಟನ್. ಅದನ್ನು ಒತ್ತಿದರೆ ಮಾತ್ರ ಮುಂದಿನದು ಬರುತ್ತದೆ. ಬದಲಾಗಿದ್ದು ಇಷ್ಟೇ. ಹಾಗೆ ತಾವೇ ಒತ್ತಿ ನೋಡಿದವರು, ಒಂದೇ ಓಟದಲ್ಲಿ ನೋಡಿದವರಿಗಿಂತ ವಿಷಯವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಇವರೆಲ್ಲ ಕಾಲೇಜು ವಿದ್ಯಾರ್ಥಿಗಳು ಅನ್ನುವುದನ್ನು ಗಮನಿಸಿ. ದೊಡ್ಡವರಿಗೇ ನಿಂತು ಉಸಿರಾಡಲು ಜಾಗ ಬೇಕಾದರೆ, ಎಂಟು ವರ್ಷದ ಮಗುವಿಗೆ ಎಷ್ಟು ಬೇಡ?

ಇವತ್ತು ನಾನು ಹೇಳಲು ಬಂದಿದ್ದು ಇದನ್ನೇ. ಕಂಪ್ಯೂಟರಿನಲ್ಲಿ ಚಂಡಮಾರುತವನ್ನು ತೋರಿಸುವುದು ಸುಲಭ. ಆ ಚಂಡಮಾರುತವನ್ನು ನಿಲ್ಲಿಸುವ, ಹಿಂದಕ್ಕೆ ಓಡಿಸುವ, ಬದಲಿಸಿ ನೋಡುವ ಅವಕಾಶ ಮಗುವಿನ ಕೈಯಲ್ಲಿರಬೇಕು. ಹಾಗೆ ಕಲಿತದ್ದು ನಾಳೆ ನಿಜವಾದ ಮೋಡ ಕವಿದಾಗ ಎತ್ತ ಹೋಗಬೇಕು ಅನ್ನುವಲ್ಲಿಗೆ ಮುಟ್ಟಬೇಕು. ಇವೆರಡೂ ಇಲ್ಲದ ಸಾಫ್ಟ್‌ವೇರ್ ಎಷ್ಟು ಚೆಂದ ಇದ್ದರೂ ನಾನು ಕ್ಲಾಸಿಗೆ ತರುವುದಿಲ್ಲ.

ಇಷ್ಟಕ್ಕೂ ಈ ವಿಷಯಕ್ಕೆ ಸಾಫ್ಟ್‌ವೇರ್ ಯಾಕೆ ಬೇಕು? ಬೀಜ ಮೊಳೆಯುವ ಪಾಠಕ್ಕೆ ಬೀಜ ಸಾಕು. ಸಿಡಿಲಿನ ಹತ್ತಿರ ಮಗುವನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಚಂಡಮಾರುತ ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಸಾಗುತ್ತದೆ. ಅದರ ಕೆಳಗೆ ನಿಂತವರಿಗೆ ಅದರ ಆಕಾರ ಕಾಣುವುದೇ ಇಲ್ಲ. 1960ರ ಏಪ್ರಿಲ್ 1ರಂದು ಟೈರೋಸ್-1 ಎಂಬ ಹವಾಮಾನ ಉಪಗ್ರಹ ಹಾರುವ ತನಕ ಮೋಡಗಳ ಸುರುಳಿಯನ್ನು ಮೇಲಿನಿಂದ ದಿನದಿನವೂ ಇಡಿಯಾಗಿ ನೋಡುವ ದಾರಿ ಇರಲಿಲ್ಲ. ಇವತ್ತು ಜಪಾನಿನ ಹಿಮವಾರಿ ಉಪಗ್ರಹ 10 ನಿಮಿಷಕ್ಕೊಂದು ಚಿತ್ರ ಕಳಿಸುತ್ತದೆ. ಒಂದು ದಿನಕ್ಕೆ 144 ಚಿತ್ರ. ಸೆಕೆಂಡಿಗೆ ಹತ್ತರಂತೆ ಓಡಿಸಿದರೆ ಇಡೀ ದಿನದ ಆಕಾಶ ಹದಿನೈದು ಸೆಕೆಂಡಿನೊಳಗೆ ಮಗುವಿನ ಕಣ್ಣ ಮುಂದೆ ಹಾದುಹೋಗುತ್ತದೆ. ಈ ಕೆಲಸ ಕರಿಹಲಗೆಯಿಂದ ಆಗುವುದಿಲ್ಲ.

ಈಗ ಸಿಡಿಲಿಗೇ ಬರೋಣ. ಇದೊಂದನ್ನು ನಿಧಾನವಾಗಿ ನೋಡೋಣ.

ಗುಡುಗು ಯಾಕೆ ಬರುತ್ತದೆ ಎಂದು ಕೇಳಿ ನೋಡಿ. ಮೋಡಕ್ಕೆ ಮೋಡ ಡಿಕ್ಕಿ ಹೊಡೆದು ಸದ್ದಾಗುತ್ತದೆ ಎಂದು ಮಕ್ಕಳು ಥಟ್ಟಂತ ಹೇಳುತ್ತಾರೆ. ಬೈಯಬೇಡಿ. ಡಿಕ್ಕಿ ಆಗುವುದು ನಿಜವೇ, ಅದು ಮೋಡದ ಒಳಗೆ ಆಗುತ್ತದೆ. ದೊಡ್ಡ ಗುಡುಗಿನ ಮೋಡದ ಮೇಲಿನ ಭಾಗ ಹಿಮಗಟ್ಟುವಷ್ಟು ತಂಪು. ಅಲ್ಲಿ ಸಣ್ಣ ಹಿಮದ ಹರಳುಗಳು ಮೇಲಕ್ಕೆ ಹೋಗುತ್ತಿರುತ್ತವೆ, ಸ್ವಲ್ಪ ಭಾರದ ಮೆತ್ತನೆ ಆಲಿಕಲ್ಲುಗಳು ಕೆಳಕ್ಕೆ ಬರುತ್ತಿರುತ್ತವೆ. ಒಂದಕ್ಕೊಂದು ತಾಗಿ ಉಜ್ಜಿದಾಗ ಚಾರ್ಜ್ ಬೇರೆ ಬೇರೆಯಾಗುತ್ತದೆ. ಸಾಮಾನ್ಯವಾಗಿ ಹಗುರ ಹರಳು ಪ್ಲಸ್ ಹೊತ್ತು ಮೇಲೆ, ಭಾರದ್ದು ಮೈನಸ್ ಹೊತ್ತು ಕೆಳಗೆ. ಈ ಗುಂಪುಗಾರಿಕೆ ಮಿತಿ ಮೀರಿದಾಗ ಗಾಳಿಯನ್ನು ಸೀಳಿಕೊಂಡು ಕರೆಂಟ್ ಹರಿಯುತ್ತದೆ. ಆ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಸೂರ್ಯನ ಮೈಗಿಂತ ಐದು ಪಟ್ಟು. ಒಮ್ಮೆಲೇ ಬಿಸಿಯಾದ ಗಾಳಿ ಒಮ್ಮೆಲೇ ಹಿಗ್ಗುತ್ತದೆ. ಆ ಸದ್ದೇ ಗುಡುಗು.

ಇದನ್ನು ಬಾಯಲ್ಲಿ ಹೇಳಿದರೆ ಮಗುವಿಗೆ 'ಚಾರ್ಜ್' ಅನ್ನುವುದು ಸುಮ್ನೆ ಒಂದು ಪದ. ಇಲ್ಲಿ ಫೆಟ್ ಸಿಮ್ಯುಲೇಷನ್‌ಗಳು, ಅಂದರೆ ಪರದೆಯ ಮೇಲೆ ಮಗು ತಾನೇ ಮಾಡಿ ನೋಡುವ ಪ್ರಯೋಗಗಳು, ಬಹಳ ಸಹಾಯ ಮಾಡುತ್ತವೆ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಪೂರ್ತಿ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ಬಲೂನಿನ ಸಿಮ್ಯುಲೇಷನ್ ಒಂದಿದೆ. ಮಗು ಬಲೂನನ್ನು ಸ್ವೆಟರಿಗೆ ಉಜ್ಜುತ್ತದೆ. ಉಜ್ಜಿದ ಹಾಗೆಲ್ಲ ಸಣ್ಣ ನೀಲಿ ಮೈನಸ್ ಗುರುತುಗಳು ಸ್ವೆಟರ್ ಬಿಟ್ಟು ಬಲೂನಿಗೆ ಬರುತ್ತವೆ. ಇನ್ನೊಂದರಲ್ಲಿ ಒಬ್ಬ ಮನುಷ್ಯ ಕಾರ್ಪೆಟ್ಟಿಗೆ ಕಾಲು ಉಜ್ಜುತ್ತಾನೆ, ಮೈಯಲ್ಲಿ ಮೈನಸ್ ತುಂಬಿಕೊಳ್ಳುತ್ತದೆ. ಬೆರಳನ್ನು ಬಾಗಿಲ ಹಿಡಿಯ ಹತ್ತಿರ ತಂದಾಗ ಚಟ್ ಎಂದು ಕಿಡಿ. ಬೆರಳು ದೂರ ಇದ್ದರೆ ಕಿಡಿಗೆ ಜಾಸ್ತಿ ಚಾರ್ಜ್ ಬೇಕು. ಇದನ್ನು ಮಕ್ಕಳಿಗೆ ಹೇಳಬೇಡಿ. ಬೆರಳನ್ನು ಹಿಂದೆ ಮುಂದೆ ಮಾಡುತ್ತಾ ತಾವೇ ಕಂಡುಕೊಳ್ಳುತ್ತಾರೆ. ಆಮೇಲೆ ಒಂದೇ ಪ್ರಶ್ನೆ ಸಾಕು: ಮೋಡಕ್ಕೆ ಹತ್ತಿರ ಇರುವ ಬೆರಳು ನೆಲದ ಮೇಲೆ ಯಾವುದು? ಮರ, ಕಂಬ, ಬಟ್ಟ ಬಯಲಿನಲ್ಲಿ ಒಂಟಿಯಾಗಿ ನಿಂತ ಮನುಷ್ಯ ಎಂದು ಉತ್ತರ ಒಂದೊಂದಾಗಿ ಬರುತ್ತದೆ. ಮಳೆ ಬಂದಾಗ ಮರದ ಕೆಳಗೆ ನಿಲ್ಲಬಾರದು ಎಂಬ ಮಾತು ಅಲ್ಲಿ ನಿಯಮವಾಗಿ ಬರುವುದಿಲ್ಲ, ಮಗುವೇ ಯೋಚಿಸಿ ಹೇಳಿದ್ದಾಗಿ ಬರುತ್ತದೆ.

ಇನ್ನು ಎಣಿಸುವ ಆಟ. ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿತು ಎಂದು ಎಣಿಸಿ ದೂರ ಲೆಕ್ಕ ಹಾಕುವುದು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ, ಶಬ್ದ ಸುಮಾರು 340 ಮೀಟರ್. ಹಾಗಾಗಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಇದನ್ನು ಸ್ಕ್ರ್ಯಾಚ್‌ನಲ್ಲಿ ಮಕ್ಕಳೇ ಮಾಡಬಹುದು. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ನಿಮಗೆ ಗೊತ್ತಿರುತ್ತದೆ. ಬಣ್ಣದ ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಉಚಿತ ಸಾಫ್ಟ್‌ವೇರ್. ಮೋಡದ ಚಿತ್ರ ಒತ್ತಿದರೆ ಪರದೆ ಒಮ್ಮೆ ಬೆಳ್ಳಗಾಗಬೇಕು. ಒಂದರಿಂದ ಹತ್ತರೊಳಗೆ ಯಾವುದೋ ಒಂದು ಸಂಖ್ಯೆ ಕಂಪ್ಯೂಟರ್ ತಾನೇ ಆರಿಸಬೇಕು, ಅದು ದೂರ. ಆ ಸಂಖ್ಯೆಯ ಮೂರರಷ್ಟು ಸೆಕೆಂಡ್ ಕಾಯಬೇಕು. ಆಮೇಲೆ ಗುಡುಗಿನ ಸದ್ದು. ಕೆಲವೇ ಬ್ಲಾಕುಗಳ ಕೆಲಸ. ಒಬ್ಬರು ಒತ್ತುತ್ತಾರೆ, ಪಕ್ಕದವರು ಕಣ್ಣು ಕಿವಿ ತೆರೆದು ಎಣಿಸಿ ದೂರ ಹೇಳುತ್ತಾರೆ. 'ಮೂರರಿಂದ ಗುಣಿಸು' ಅನ್ನುವ ಬ್ಲಾಕ್ ಇಟ್ಟ ಮಗುವಿಗೆ ಶಬ್ದದ ವೇಗವನ್ನು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಆದರೆ ಇಲ್ಲಿ ಒಂದು ಅಪಾಯ ಇದೆ. ಈ ಆಟ ಇರುವ ಆ್ಯಪ್‌ಗಳಲ್ಲಿ ಕೆಲವು, ಎಣಿಕೆ ಮೂವತ್ತು ದಾಟಿತಾ, ಹಾಗಾದರೆ ಮಿಂಚು 10 ಕಿಲೋಮೀಟರ್ ಆಚೆ, ನೀನು ಸೇಫ್ ಎಂದು ಹಸಿರು ಟಿಕ್ ಹಾಕಿಬಿಡುತ್ತವೆ. ಇದು ತಪ್ಪು, ತುಂಬಾ ಅಪಾಯದ ತಪ್ಪು. ಸಿಡಿಲು ಮಳೆ ಬೀಳುವ ಜಾಗದಿಂದ 15 ಕಿಲೋಮೀಟರ್ ದೂರಕ್ಕೂ ಚಾಚಬಲ್ಲದು. ಗುಡುಗು ಕೇಳಿಸುವುದೂ ಹೆಚ್ಚುಕಡಿಮೆ ಅಷ್ಟೇ ದೂರದವರೆಗೆ. ಅಂದರೆ ಗುಡುಗು ಕೇಳಿತು ಅಂದರೆ ನೀವು ಅದರ ಕೈಗೆ ಸಿಗುವಷ್ಟು ಹತ್ತಿರ ಇದ್ದೀರಿ ಎಂದೇ ಅರ್ಥ. ಎಣಿಕೆ ಎಷ್ಟೇ ಬರಲಿ, ಒಳಗೆ ಹೋಗಬೇಕು. ಗಟ್ಟಿ ಕಟ್ಟಡದೊಳಗೆ, ಇಲ್ಲವೇ ಲೋಹದ ಮೈಯಿರುವ, ಕಿಟಕಿ ಮುಚ್ಚಿದ ಬಸ್ಸು ಕಾರಿನೊಳಗೆ. ಅಲ್ಲಿ ಕಾಪಾಡುವುದು ರಬ್ಬರ್ ಟೈರ್ ಅಲ್ಲ, ಸುತ್ತಲಿನ ಲೋಹ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಆಚೆ ಬರಬಾರದು. ಎಣಿಸುವ ಆಟವನ್ನು ಧಾರಾಳವಾಗಿ ಆಡಿಸಿ, ಅದು ಒಳಗೆ ಕೂತು ಆಡುವ ಆಟ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಗೊತ್ತಿರಲಿ. ಮಕ್ಕಳ ಸ್ಕ್ರ್ಯಾಚ್ ಪ್ರೋಗ್ರಾಂನಲ್ಲೇ ಇನ್ನೊಂದು ಬ್ಲಾಕ್ ಸೇರಿಸಿ: ಪ್ರತಿ ಗುಡುಗಿಗೂ 30 ನಿಮಿಷದ ಗಡಿಯಾರ ಮತ್ತೆ ಮೊದಲಿಂದ ಶುರುವಾಗಬೇಕು. ಮಳೆ ನಿಂತರೂ ಯಾಕೆ ಕಾಯಬೇಕು ಅನ್ನುವ ಮಕ್ಕಳ ದೊಡ್ಡ ಜಗಳಕ್ಕೆ ಅಲ್ಲಿ ಉತ್ತರ ಸಿಗುತ್ತದೆ. ಮೋಡದ ಹಿಂಭಾಗವೂ ಮಿಂಚುತ್ತದೆ, ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ.

ಮುಂದಿನದು ಕಂಪ್ಯೂಟರೇ ಇಲ್ಲದ ಸಾಫ್ಟ್‌ವೇರ್. ಆಶ್ಚರ್ಯ ಅನಿಸಬಹುದು, ಆದರೆ ಇದು ಈ ವಿಷಯದ ಹುಟ್ಟಿಗೇ ಸೇರಿದ್ದು.

ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಬ್ರಿಟಿಷ್ ವಿಜ್ಞಾನಿ ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ತಂಡದಲ್ಲಿದ್ದರು. ಆ ಗಲಾಟೆಯ ನಡುವೆಯೇ ಅವರು ಕೈಲೆಕ್ಕದಿಂದ ಹವಾಮಾನ ಹೇಳಲು ಹೊರಟರು. ಆರು ಗಂಟೆಯ ಮುನ್ಸೂಚನೆಗೆ ವಾರಗಟ್ಟಲೆ ಲೆಕ್ಕ ಮಾಡಿದರು. ಉತ್ತರ ತಪ್ಪು ಬಂತು. ಅವರು ಅದನ್ನು ಮುಚ್ಚಿಡಲಿಲ್ಲ. 1922ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಜೊತೆಗೆ ಒಂದು ಕನಸನ್ನೂ ಬರೆದರು. ಒಂದು ದೊಡ್ಡ ಸಭಾಂಗಣ, ಅದರ ತುಂಬ 64,000 ಜನ. ಒಬ್ಬೊಬ್ಬರೂ ಭೂಮಿಯ ಒಂದೊಂದು ತುಂಡಿನ ಲೆಕ್ಕ ಮಾಡಿ ಪಕ್ಕದವರಿಗೆ ಹೇಳುತ್ತಾರೆ, ಎಲ್ಲ ಸೇರಿ ಹವಾಮಾನದ ಜೊತೆಜೊತೆಗೇ ಓಡುತ್ತಾರೆ. 1950ರಲ್ಲಿ ಎನಿಯಾಕ್ ಎಂಬ ಕಂಪ್ಯೂಟರ್ ಮೊದಲ ಸಲ ಆ ಕೆಲಸ ಮಾಡಿತು. 24 ಗಂಟೆಯ ಮುನ್ಸೂಚನೆಗೆ ಅದು ತೆಗೆದುಕೊಂಡಿದ್ದೂ ಸುಮಾರು 24 ಗಂಟೆಯೇ.

ಆ ಸಭಾಂಗಣವನ್ನು ನಿಮ್ಮ ಕ್ಲಾಸಿನಲ್ಲಿ ಕಟ್ಟಬಹುದು. ಮಕ್ಕಳನ್ನು ಸಾಲುಸಾಲಾಗಿ ಕೂರಿಸಿ. ಎಲ್ಲರ ಕೈಯಲ್ಲೂ ಚೀಟಿ. ಹೆಚ್ಚಿನವರ ಚೀಟಿಯಲ್ಲಿ 20, ಎಡಗಡೆ ಒಬ್ಬಳ ಚೀಟಿಯಲ್ಲಿ 40. ಇವು ಬಿಸಿಯ ಡಿಗ್ರಿಗಳು. ನಿಯಮ ಒಂದೇ: ಗಾಳಿ ಎಡದಿಂದ ಬೀಸುತ್ತಿದೆ, ಚಪ್ಪಾಳೆ ಕೇಳಿದಾಗ ಎಡಗಡೆಯವರ ಸಂಖ್ಯೆ ನಿಮ್ಮದಾಗುತ್ತದೆ. ಸಾಲಿನ ಎಡತುದಿಯವರಿಗೆ ಯಾವಾಗಲೂ 20. ಒಂದೊಂದು ಚಪ್ಪಾಳೆಗೂ 40 ಬಲಕ್ಕೆ ಜರುಗುತ್ತದೆ. ಯಾರೂ ಎದ್ದಿಲ್ಲ, ಆದರೂ ಬಿಸಿ ಸಾಗಿದೆ. ಈಗ ನಿಯಮ ಸ್ವಲ್ಪ ಬದಲಿಸಿ. ನಿಮ್ಮ ಸಂಖ್ಯೆ ಮತ್ತು ಎಡಗಡೆಯವರ ಸಂಖ್ಯೆ, ಎರಡರ ಸರಾಸರಿ ಬರೆಯಿರಿ. ಒಂದು ಚಪ್ಪಾಳೆಗೆ 40 ಹೋಗಿ ಎರಡು 30 ಆಗುತ್ತದೆ. ಇನ್ನೊಂದಕ್ಕೆ 25, 30, 25. ಬಿಸಿ ಹರಡಿತು, ತೆಳುವಾಯಿತು. ಯಾರೋ ಒಬ್ಬರು ಲೆಕ್ಕ ತಪ್ಪುತ್ತಾರೆ, ಖಂಡಿತ. ತಿದ್ದಬೇಡಿ. ಎರಡು ಚಪ್ಪಾಳೆ ಆಗಲಿ. ಆ ತಪ್ಪು ಪಕ್ಕದವರಿಗೆ, ಅವರ ಪಕ್ಕದವರಿಗೆ ಹೋಗುವುದನ್ನು ಎಲ್ಲರೂ ನೋಡಲಿ. ಐದು ದಿನದ ಮುನ್ಸೂಚನೆ ನಾಳೆಯದಕ್ಕಿಂತ ಯಾಕೆ ಜಾಸ್ತಿ ತಪ್ಪಾಗುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗಂತೂ ಕಂಡಿಲ್ಲ.

ಇದಾದ ಮೇಲೆ ಅರ್ಥ್ ನಲ್‌ಸ್ಕೂಲ್ ತೆರೆಯಿರಿ. ಇಡೀ ಭೂಗೋಳದ ಗಾಳಿ ಸಣ್ಣ ಗೆರೆಗಳಾಗಿ ಹರಿಯುವುದನ್ನು ತೋರಿಸುವ ಉಚಿತ ನಕ್ಷೆ ಅದು. ಚೀಟಿ ಆಟ ಆಡದ ಮಕ್ಕಳು ಅದನ್ನು ನೋಡಿ ಫೋಟೊ ಅಂದುಕೊಳ್ಳುತ್ತಾರೆ. ಆಡಿದವರಿಗೆ ಅದು ಲೆಕ್ಕ ಅನ್ನುವುದು ಹೊಳೆಯುತ್ತದೆ. ಚೌಕ ಚೌಕದ ಲೆಕ್ಕ, ತಮ್ಮದೇ ಥರ.

ಚಂಡಮಾರುತದ ಪಾಠಕ್ಕೂ ಇದೇ ನಕ್ಷೆ ಒಳ್ಳೆಯ ಶುರು. ಭೂಮಧ್ಯರೇಖೆಯ ಉತ್ತರಕ್ಕೆ ಸುರುಳಿಗಳು ಗಡಿಯಾರಕ್ಕೆ ಎದುರಾಗಿ ಸುತ್ತುತ್ತವೆ, ದಕ್ಷಿಣಕ್ಕೆ ಗಡಿಯಾರದ ದಿಕ್ಕಿನಲ್ಲಿ. ರೇಖೆಯ ತೀರಾ ಹತ್ತಿರ, ಸುಮಾರು ಐದು ಡಿಗ್ರಿಯೊಳಗೆ, ಸಾಮಾನ್ಯವಾಗಿ ಹುಟ್ಟುವುದೇ ಇಲ್ಲ. ಮಕ್ಕಳು ಹುಡುಕಿ ಹೇಳಲಿ. ಸಮುದ್ರದ ಬಿಸಿ ಏರಿಸಿ ಇಳಿಸಿ ಚಂಡಮಾರುತವನ್ನು ಬೆಳೆಸುವ, ಕುಗ್ಗಿಸುವ ಸಿಮ್ಯುಲೇಷನ್‌ಗಳೂ ಸಿಗುತ್ತವೆ. ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿನ ನೀರು ಅದರ ಆಹಾರ, ನೆಲದ ಮೇಲೆ ಬಂದರೆ ಆ ಆಹಾರ ನಿಂತುಹೋಗುತ್ತದೆ ಎಂದು ಮಕ್ಕಳು ಅಲ್ಲೇ ಕಂಡುಕೊಳ್ಳುತ್ತಾರೆ.

ಆದರೆ ನಾನು ಜಾಸ್ತಿ ಸಮಯ ಕೊಡುವುದು ಅದರ ಕಣ್ಣಿಗೆ, ಅಂದರೆ ಸುರುಳಿಯ ನಟ್ಟನಡುವಿನ ಜಾಗಕ್ಕೆ. ಸ್ಕ್ರ್ಯಾಚ್‌ನಲ್ಲಿ ಒಂದು ಮನೆ ಇಡಿ, ಮನೆಯ ಮೇಲೆ ಬಾವುಟ. ಗಡಿಯಾರಕ್ಕೆ ಎದುರಾಗಿ ಸುತ್ತುವ ಬಾಣಗಳಿರುವ ಸುರುಳಿಯೊಂದನ್ನು ಪೂರ್ವದಿಂದ ಪಶ್ಚಿಮಕ್ಕೆ ನಿಧಾನವಾಗಿ ಎಳೆಯಿರಿ, ಸರಿಯಾಗಿ ಮನೆಯ ಮೇಲೇ ಹಾದುಹೋಗಲಿ. ಮೊದಲು ಸುರುಳಿಯ ಪಶ್ಚಿಮ ಅಂಚು ತಾಗುತ್ತದೆ. ಅಲ್ಲಿ ಗಾಳಿ ಉತ್ತರದಿಂದ ಬೀಸುತ್ತದೆ, ಬಾವುಟ ದಕ್ಷಿಣಕ್ಕೆ ಚಾಚುತ್ತದೆ. ಗಾಳಿ ಜೋರಾಗುತ್ತಾ ಹೋಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಬಾವುಟ ಜೋತುಬೀಳುತ್ತದೆ. ಇಲ್ಲಿ ನಿಲ್ಲಿಸಿ. ಮನೆಯಿಂದ ಆಚೆ ಬರಬಹುದಾ ಎಂದು ಕೇಳಿ. ಕ್ಲಾಸಿನಲ್ಲಿ ಹೆಚ್ಚಿನವರು ಹೂಂ ಅನ್ನುತ್ತಾರೆ. ಮಳೆ ಇಲ್ಲ, ಗಾಳಿ ಇಲ್ಲ, ಕೆಲವೊಮ್ಮೆ ಮೇಲೆ ಆಕಾಶವೂ ಕಾಣುತ್ತದೆ, ಮತ್ತೇನು? ಇನ್ನು ಮುಂದಕ್ಕೆ ಎಳೆಯಿರಿ. ಕಣ್ಣಿನ ಆಚೆಯ ಗೋಡೆ ಬರುತ್ತದೆ, ಅಲ್ಲೇ ಗಾಳಿ ಅತಿ ಜೋರು. ಈ ಸಲ ಬಾವುಟ ಉತ್ತರಕ್ಕೆ ಚಾಚಿಕೊಳ್ಳುತ್ತದೆ, ಪೂರ್ತಿ ಉಲ್ಟಾ. ಕಣ್ಣಿನ ಅಗಲ ಸಾಮಾನ್ಯವಾಗಿ 30ರಿಂದ 65 ಕಿಲೋಮೀಟರ್, ಹಾಗಾಗಿ ನಿಜವಾಗಿ ಈ ಸಮಾಧಾನ ಒಂದೆರಡು ಗಂಟೆಯೂ ಇರಬಹುದು. ದೊಡ್ಡವರೇ ಇದನ್ನು ನಂಬಿ ಹೊರಗೆ ಬಂದು ಸಿಕ್ಕಿಹಾಕಿಕೊಂಡಿದ್ದಾರೆ. ಸುರುಳಿಯನ್ನು ಹಿಂದಕ್ಕೆ ಎಳೆಯಿರಿ, ಮತ್ತೆ ಮುಂದಕ್ಕೆ. ಮನೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ? ಆಗ ಕಣ್ಣು ಸಿಗುವುದೇ ಇಲ್ಲ, ಗಾಳಿಯ ದಿಕ್ಕು ನಿಧಾನವಾಗಿ ತಿರುಗುತ್ತದೆ. ಹೀಗೆ ಮಕ್ಕಳು ತಾವಾಗಿ ಮನೆ ಸರಿಸಿ ನೋಡಲು ಶುರು ಮಾಡಿದರೆ ನೀವು ಪಕ್ಕಕ್ಕೆ ನಿಂತುಬಿಡಿ.

ಮುನ್ಸೂಚನೆಯ ನಕ್ಷೆಯನ್ನೂ ಓದಲು ಕಲಿಸಬೇಕು. ಚಂಡಮಾರುತ ಎಲ್ಲಿಗೆ ಹೋಗಬಹುದು ಎಂದು ಬಿಳಿಯ ಶಂಕುವಿನ ಆಕಾರದಲ್ಲಿ ತೋರಿಸುತ್ತಾರೆ, ಅಲ್ವಾ? ಅಮೆರಿಕದ ಹರಿಕೇನ್ ಕೇಂದ್ರ 2002ರಿಂದ ಹಾಗೆ ತೋರಿಸುತ್ತಿದೆ. ಅದನ್ನು ನೋಡಿ ಬಹಳ ಜನ ಚಂಡಮಾರುತ ದೊಡ್ಡದಾಗುತ್ತಾ ಹೋಗುತ್ತದೆ ಅಂದುಕೊಳ್ಳುತ್ತಾರೆ. ಅದು ಗಾತ್ರ ಅಲ್ಲ, ಅದರ ನಡುಬಿಂದು ಎಲ್ಲಿರಬಹುದು ಎಂಬ ಅಂದಾಜು. ಮೂರರಲ್ಲಿ ಎರಡು ಸಲ ಆ ಶಂಕುವಿನೊಳಗೆ ಇರುತ್ತದೆ. ಉಳಿದ ಸಲ ಹೊರಗೂ ಹೋಗುತ್ತದೆ. ಗಾಳಿ ಮಳೆಯಂತೂ ಯಾವಾಗಲೂ ಶಂಕುವಿನ ಆಚೆಗೂ ಚಾಚಿರುತ್ತದೆ. ಇದನ್ನು ತೋರಿಸಲು ಸ್ಕ್ರ್ಯಾಚ್‌ನಲ್ಲಿ ಒಂದು ಚುಕ್ಕೆಯನ್ನು ನಡೆಸಿ. ಪ್ರತಿ ಹೆಜ್ಜೆಗೂ ಎಡಕ್ಕೋ ಬಲಕ್ಕೋ ಸ್ವಲ್ಪ ತಿರುಗಲಿ, ಎಷ್ಟು ಎಂದು ಕಂಪ್ಯೂಟರೇ ಆರಿಸಲಿ, ಹಿಂದೆ ಗೆರೆ ಉಳಿಯಲಿ. ಇಪ್ಪತ್ತು ಸಲ ಓಡಿಸಿ. ಗೆರೆಗಳು ಶುರುವಿನಲ್ಲಿ ಒತ್ತೊತ್ತಾಗಿ, ಹೋಗ್ತಾ ಹೋಗ್ತಾ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಮಕ್ಕಳು ಬೆರಳಿನಿಂದ ಸುತ್ತ ಗೆರೆ ಎಳೆದರೆ ಅದೇ ಶಂಕು. ನಿಜವಾದ ಕೇಂದ್ರಗಳೂ ಒಂದೇ ದಿನಕ್ಕೆ ಹಲವು ಲೆಕ್ಕ ಓಡಿಸುತ್ತವೆ. ಯುರೋಪಿನ ಹವಾಮಾನ ಕೇಂದ್ರ 1992ರಿಂದ ಹೀಗೆ ಮಾಡುತ್ತಿದೆ, ಈಗ ಒಂದು ಸಲಕ್ಕೆ ಐವತ್ತಕ್ಕೂ ಜಾಸ್ತಿ. ಎಚ್ಚರಿಕೆ ಕೊಟ್ಟರು, ಏನೂ ಆಗಲಿಲ್ಲ, ಸುಳ್ಳು ಹೇಳಿದರು ಎಂದು ಮಕ್ಕಳು ದೂರಿದಾಗ ಆ ಇಪ್ಪತ್ತು ಗೆರೆಗಳನ್ನು ತೋರಿಸಿ. ಒಂದು ಗೆರೆ ನಮ್ಮ ಮನೆಯ ಮೇಲೆ ಹೋಗಿತ್ತು. ಎಚ್ಚರಿಕೆ ಅದಕ್ಕಾಗಿ.

ನೆರೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಇಲ್ಲಿ ಮಕ್ಕಳಿಗೆ ಕಾಣದಿರುವುದು ನೀರಿನ ನೂಕುವ ಶಕ್ತಿ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಹುದು. 60 ಸೆಂಟಿಮೀಟರ್ ಇದ್ದರೆ ಹೆಚ್ಚಿನ ಕಾರುಗಳು ತೇಲಿ ಹೋಗುತ್ತವೆ. ವೇಗ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟು. ಆಳ ಮತ್ತು ವೇಗ ಎರಡನ್ನೂ ಬೇರೆ ಬೇರೆಯಾಗಿ ಬದಲಿಸಲು ಬಿಡುವ ಸಿಮ್ಯುಲೇಷನ್ ಸಿಕ್ಕರೆ ಹಿಡಿದುಕೊಳ್ಳಿ. ಆಳ ಮಾತ್ರ ಇದ್ದರೆ ಪಾಠದ ಅರ್ಧ ಬಿಟ್ಟುಹೋದ ಹಾಗೆ. ಸ್ವಲ್ಪ ದೊಡ್ಡ ಮಕ್ಕಳಿಗೆ, ಒಂಬತ್ತು ವರ್ಷ ದಾಟಿದವರಿಗೆ, ವಿಶ್ವಸಂಸ್ಥೆಯ ವಿಪತ್ತು ಕಚೇರಿಯ ಸ್ಟಾಪ್ ಡಿಸಾಸ್ಟರ್ಸ್ ಆಟ ಇದೆ. ಕೈಯಲ್ಲಿ ಇಂತಿಷ್ಟೇ ಹಣ, ಇಂತಿಷ್ಟೇ ಸಮಯ. ಶಾಲೆ ಎಲ್ಲಿ ಕಟ್ಟಬೇಕು, ಮರ ಎಲ್ಲಿ ನೆಡಬೇಕು, ಎಚ್ಚರಿಕೆಗೆ ಎಷ್ಟು ಖರ್ಚು ಮಾಡಬೇಕು ಎಂದು ಮಕ್ಕಳೇ ತೀರ್ಮಾನಿಸಬೇಕು. ನೆರೆ ಬಂದ ದಿನ ಓಡುವುದಷ್ಟೇ ಅಲ್ಲ, ಬರುವ ಮೊದಲು ಮಾಡುವ ಕೆಲಸವೂ ಇದೆ ಎಂದು ಆ ಆಟ ಚೆನ್ನಾಗಿ ಕಾಣಿಸುತ್ತದೆ.

ಹೆದರಿಕೆಯ ವಿಷಯ. ಇದನ್ನು ಪ್ರತಿ ಕಡೆ ಯಾರಾದರೂ ಕೇಳೇ ಕೇಳುತ್ತಾರೆ, ಕೇಳಬೇಕು ಕೂಡ. ನಿಮ್ಮ ಕ್ಲಾಸಿನಲ್ಲಿ ನೆರೆಯಲ್ಲಿ ಮನೆ ಕಳೆದುಕೊಂಡ ಮಗು ಇರಬಹುದು. ಗುಡುಗಿಗೆ ಅಮ್ಮನ ಸೆರಗಿನೊಳಗೆ ಸೇರುವ ಮಗು ಖಂಡಿತ ಇರುತ್ತದೆ. ಅದಕ್ಕೇ ನಾನು ಮೊದಲು ನೋಡುವುದು ಸಾಫ್ಟ್‌ವೇರ್‌ನಲ್ಲಿ ಸದ್ದನ್ನು ಕಡಿಮೆ ಮಾಡುವ ಬಟನ್ ಇದೆಯಾ ಎಂದು. ತಪ್ಪು ಉತ್ತರ ಕೊಟ್ಟರೆ ಆಟದೊಳಗಿನ ಮಗು ಸತ್ತುಹೋಗುವ ಆಟಗಳನ್ನು ದಯವಿಟ್ಟು ಬಿಟ್ಟುಬಿಡಿ. ಹಿಂದಕ್ಕೆ ಹೋಗಿ ಇನ್ನೊಂದು ದಾರಿ ಹಿಡಿ ಅನ್ನುವ ಆಟ ಬೇಕು. ಅಪಾಯವನ್ನು ತೋರಿಸಿದ ಅದೇ ಪೀರಿಯಡ್ಡಿನಲ್ಲಿ ಏನು ಮಾಡಬೇಕು ಎಂದು ಎದ್ದು ಮಾಡಿ ನೋಡುವುದೂ ಆಗಿಬಿಡಲಿ. ನಾಳೆಗೆ ಉಳಿಸಬೇಡಿ. ರಾತ್ರಿ ಮಗು ಮನೆಗೆ ಬರೀ ಹೆದರಿಕೆ ಹೊತ್ತುಕೊಂಡು ಹೋಗಬಾರದು.

ಆಯ್ಕೆ ಮಾಡುವಾಗ ಇನ್ನೊಂದೆರಡು ವಿಷಯ. ತುಂಬಾ ಒಳ್ಳೆಯ ಹಳೆಯ ಪಾಠದ ಆಟಗಳು ಫ್ಲ್ಯಾಶ್‌ನಲ್ಲಿ ಮಾಡಿದಂಥವು. 2020ರ ಕೊನೆಗೆ ಅಡೋಬಿ ಫ್ಲ್ಯಾಶ್ ನಿಲ್ಲಿಸಿತು, ಅವುಗಳಲ್ಲಿ ಹಲವು ಈಗ ತೆರೆಯುವುದೇ ಇಲ್ಲ. ಪಾಠದ ಹಿಂದಿನ ದಿನ, ಅದೇ ಕಂಪ್ಯೂಟರಿನಲ್ಲಿ, ಕೊನೆಯವರೆಗೂ ಒಮ್ಮೆ ಓಡಿಸಿ ನೋಡಿ. ಯಾವ ದೇಶದಲ್ಲಿ ಮಾಡಿದ್ದು ಅಂತಲೂ ನೋಡಿ. ಸುಂಟರಗಾಳಿ ಬಂದರೆ ನೆಲಮಾಳಿಗೆಗೆ ಓಡು ಎಂದು ಹೇಳುವ ಆಟ, ನೆಲಮಾಳಿಗೆಯೇ ಇಲ್ಲದ ಮಗುವಿಗೆ ಏನು ಕಲಿಸೀತು? ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳ ಅರ್ಥವೂ ಎಲ್ಲ ದೇಶದಲ್ಲಿ ಒಂದೇ ಅಲ್ಲ. ನಿಮ್ಮ ಹವಾಮಾನ ಇಲಾಖೆ ಕೊಡುವ ಅರ್ಥವನ್ನೇ ಕ್ಲಾಸಿನ ಗೋಡೆಗೆ ಹಚ್ಚಿ. ಮಳೆ ಎಲ್ಲಿದೆ ಎಂದು ತೋರಿಸುವ ರಾಡಾರ್ ಚಿತ್ರದ ಕೆಂಪನ್ನು ಮಕ್ಕಳು ಬಿಸಿಲು ಅಂದುಕೊಳ್ಳುತ್ತಾರೆ. ಅದು ಜೋರು ಮಳೆ ಅಥವಾ ಆಲಿಕಲ್ಲು. ಒಂದು ಸಲ ಹೇಳಿದರೆ ಸಾಲದು.

ಕೊನೆಗೆ ಒಬ್ಬ ಮೇಡಂ ಕೇಳಿದ ಪ್ರಶ್ನೆ: "ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್, ಒಂದು ಪ್ರೊಜೆಕ್ಟರ್. ಮಕ್ಕಳ ಕೈಗೆ ಕೊಡಿ ಅಂತೀರಲ್ಲ, ಹೇಗೆ ಸರ್?"

ಕಷ್ಟವೇ, ಆದರೆ ಆಗುತ್ತದೆ. ಕೀಬೋರ್ಡ್ ನಿಮ್ಮ ಹತ್ತಿರ ಇರಲಿ, ತೀರ್ಮಾನ ಅವರ ಹತ್ತಿರ ಇರಲಿ. ರಾಡಾರ್ ಚಿತ್ರಗಳ ಸರಣಿ ಓಡಿಸುವಾಗ ಐದನೇ ಚಿತ್ರಕ್ಕೆ ನಿಲ್ಲಿಸಿ. ಆರನೆಯದರಲ್ಲಿ ಮಳೆ ಎಲ್ಲಿರುತ್ತದೆ ಎಂದು ಪ್ರತಿಯೊಬ್ಬರೂ ಕಾಗದದ ಮೇಲೆ ಗುರುತು ಹಾಕಲಿ. ಎಲ್ಲರೂ ಹಾಕಿದ ಮೇಲೆಯೇ ಮುಂದಕ್ಕೆ ಒತ್ತಿ. ತಪ್ಪಾದವರು ಯಾಕೆ ಹಾಗೆ ಅಂದುಕೊಂಡೆ ಎಂದು ಹೇಳಲಿ, ಅವರ ಮಾತಿಗೆ ಸರಿಯಾದವರ ಮಾತಿಗಿಂತ ಜಾಸ್ತಿ ಹೊತ್ತು ಕೊಡಿ. ಒಂದು ವಾರ ಬಿಟ್ಟು, ಕ್ವಿಜ್ ಬೇಡ, ಅಂಕ ಬೇಡ, ಬೋರ್ಡಿನ ಮೇಲೆ ಒಂದು ಮೈದಾನ ಬರೆಯಿರಿ. ಒಂದು ಕಡೆ ದೊಡ್ಡ ಮರ. ಇನ್ನೊಂದು ಕಡೆ ನಾಲ್ಕು ಕಂಬದ ಮೇಲೆ ಬರೀ ಚಾವಣಿ. ದೂರದಲ್ಲಿ ನಿಂತ ಬಸ್ಸು. ಮಳೆ ಇನ್ನೂ ಬಂದಿಲ್ಲ, ಬಿಸಿಲೂ ಇದೆ, ಗುಡುಗು ಒಮ್ಮೆ ಕೇಳಿತು. ಎಲ್ಲಿಗೆ ಹೋಗುತ್ತೀರಿ, ಯಾಕೆ, ಯಾವಾಗ ಆಚೆ ಬರುತ್ತೀರಿ ಎಂದು ಕೇಳಿ. ಬಸ್ಸು ಎಂದು ಎಲ್ಲರೂ ಹೇಳಬಹುದು. 'ಯಾಕೆ'ಗೆ ಟೈರು ಎಂದು ಉತ್ತರ ಬಂದರೆ ಕಾರ್ಪೆಟ್ಟಿನ ಮನುಷ್ಯನನ್ನು ಮತ್ತೆ ತೆರೆದು ಪಾಠವನ್ನು ಇನ್ನೊಮ್ಮೆ ಮಾಡಿ.